ಐನೂರು ಪೌಂಡಿನ ಕಾಳಗ

1964ರ ಈಸ್ಟರ್ ರಜೆಗೆ ಇಂಗ್ಲೆಂಡಿನ ಪೂರ್ವ ಕರಾವಳಿಯ ಕ್ಲಾಕ್ಟನ್ ಊರಿನಲ್ಲಿ ಕೊರೆಯುವ ಚಳಿ, ಜೊತೆಗೆ ಮಳೆ. ಲಂಡನ್ ಕಡೆಯಿಂದ ಮೋಜಿಗೆಂದು ಬಂದಿದ್ದ ಹುಡುಗರಿಗೆ ಹೊತ್ತು ಹೋಗಲಿಲ್ಲ. ತಳ್ಳಾಟವಾಯಿತು, ಕಲ್ಲುಗಳು ಹಾರಿದವು, ಕಿಟಕಿಗಳು ಒಡೆದವು. ಪೊಲೀಸರು 97 ಮಂದಿಯನ್ನು ಹಿಡಿದರು. ಮರುದಿನದ ಪತ್ರಿಕೆಗಳನ್ನು ಓದಿದವರಿಗೆ ಶತ್ರುಸೇನೆಯೇ ಊರಿಗೆ ನುಗ್ಗಿತೇನೋ ಅನ್ನಿಸಬೇಕು!

ಒಂದು ಕಡೆ ಮಾಡ್‌ಗಳು, ಇನ್ನೊಂದು ಕಡೆ ರಾಕರ್‌ಗಳು.

ಮಾಡ್ ಹುಡುಗ ಹೆಚ್ಚಾಗಿ ಕಚೇರಿಯ ಸಣ್ಣ ನೌಕರ. ಸಂಬಳ ಬಂದರೆ ದರ್ಜಿಗೇ ಅರ್ಪಣೆ. ಇಟಲಿ ಮಾದರಿಯ ಬಿಗಿ ಸೂಟು, ಅದಕ್ಕೆ ಕೊಳೆ ತಾಗದಂತೆ ಮೇಲೊಂದು ಅಮೆರಿಕನ್ ಸೈನ್ಯದ ಪಾರ್ಕಾ ಕೋಟು. ವೆಸ್ಪಾ, ಲ್ಯಾಂಬ್ರೆಟಾ ಸ್ಕೂಟರುಗಳನ್ನು ಮೆಚ್ಚಲು ಅಂದದಷ್ಟೇ ಮುಖ್ಯವಾದ ಇನ್ನೊಂದು ಕಾರಣವಿತ್ತು: ಎಂಜಿನ್ ಮುಚ್ಚಿರುವುದರಿಂದ ಪ್ಯಾಂಟಿಗೆ ಎಣ್ಣೆ ಮೆತ್ತುತ್ತಿರಲಿಲ್ಲ. ಲಂಡನ್ನಿನ ಕಾರ್ನಬಿ ಸ್ಟ್ರೀಟಿನಲ್ಲಿ ಗ್ಲಾಸ್ಗೋದಿಂದ ಬಂದ ಜಾನ್ ಸ್ಟೀಫನ್ ಇವರಿಗಾಗಿಯೇ ಅಂಗಡಿಯ ಮೇಲೆ ಅಂಗಡಿ ತೆರೆದ. ಸೋಹೋದ ಕ್ಲಬ್ಬುಗಳಲ್ಲಿ ಕಪ್ಪು ಅಮೆರಿಕನ್ನರ ಸೋಲ್, ಜಮೈಕಾದ ಸ್ಕಾ ಸಂಗೀತಕ್ಕೆ ಬೆಳತನಕ ಕುಣಿತ. ನಿದ್ದೆ ಓಡಿಸಲು ಡ್ರಿನಮಿಲ್ ಮಾತ್ರೆ.

ರಾಕರ್‌ಗೆ ಎಣ್ಣೆಯ ಮಸಿಯೇ ಹೆಮ್ಮೆ. ಚರ್ಮದ ಜಾಕೆಟ್, ಜಿಡ್ಡುಗೂದಲು, ಟ್ರಯಂಫ್ ಇಲ್ಲವೇ ನಾರ್ಟನ್ ಬೈಕು. ಕೈಚಳಕವಿದ್ದವರು ನಾರ್ಟನ್ ಚೌಕಟ್ಟಿಗೆ ಟ್ರಯಂಫ್ ಎಂಜಿನ್ ಕೂರಿಸಿ 'ಟ್ರೈಟನ್' ಕಟ್ಟುತ್ತಿದ್ದರು. ಲಂಡನ್ನಿನ ಏಸ್ ಕೆಫೆ ಅವರ ಅಡ್ಡಾ. ಕಿವಿಗೆ ಜೀನ್ ವಿನ್ಸೆಂಟ್, ಎಡ್ಡಿ ಕಾಕ್ರನ್ ಹಾಡುಗಳು. ಐವತ್ತರ ದಶಕದ ಟೆಡ್ಡಿ ಬಾಯ್‌ಗಳ ರಾಕ್ ಅಂಡ್ ರೋಲ್ ಹುಚ್ಚನ್ನು ಮುಂದುವರಿಸಿದವರು ಇವರೇ.

ಆದರೂ ಇಬ್ಬರೂ ಒಂದೇ ಕಾಲದ ಕೂಸುಗಳು. ಕಡ್ಡಾಯ ಸೈನ್ಯಸೇವೆಗೆ ಕರೆಯುವುದು 1960ಕ್ಕೆ ನಿಂತಿತ್ತು. ಹದಿನೆಂಟರ ಹುಡುಗನ ಕೈಯಲ್ಲಿ ಕೂಲಿಯಿತ್ತು, ತಲೆಗೂದಲು ಕತ್ತರಿಸಲು ಹವಾಲ್ದಾರನಿರಲಿಲ್ಲ.

ಮೇ ತಿಂಗಳ ರಜೆಯಲ್ಲಿ ಬ್ರೈಟನ್, ಮಾರ್ಗೇಟ್‌ಗಳಲ್ಲೂ ಗಲಾಟೆಯಾಯಿತು. ಸಂಸತ್ತು ಆಸ್ತಿಹಾನಿಯ ದಂಡ ಹೆಚ್ಚಿಸುವ ಕಾನೂನನ್ನು ತರಾತುರಿಯಲ್ಲಿ ಮಾಡಿತು. ಸಮಾಜಶಾಸ್ತ್ರಜ್ಞ ಸ್ಟ್ಯಾನ್ಲಿ ಕೋಹೆನ್ 1972ರ ತಮ್ಮ ಪುಸ್ತಕದಲ್ಲಿ ಲೆಕ್ಕ ತೆಗೆದಾಗ ಕ್ಲಾಕ್ಟನ್ನಿನ ನಷ್ಟ ಕಂಡದ್ದು ಸುಮಾರು 513 ಪೌಂಡು. ಬಂದವರಲ್ಲಿ ಬಹುಮಂದಿಗೆ ಸ್ಕೂಟರೂ ಇರಲಿಲ್ಲ, ಬೈಕೂ ಇರಲಿಲ್ಲ. ಎರಡು ಬಣಗಳ ಹಗೆ ಗಟ್ಟಿಯಾದದ್ದೇ ಪತ್ರಿಕೆಗಳು ಕೂಗಿದ ಮೇಲೆ ಎಂಬ ಅವರ ವಾದವನ್ನು ತಳ್ಳಿಹಾಕುವುದು ಕಷ್ಟ.

ಲ್ಯಾಂಬ್ರೆಟಾ ಕಥೆಗೆ ಮಾತ್ರ ನಮ್ಮ ಕಡೆಗೊಂದು ತಿರುವಿದೆ. ಅದನ್ನು ತಯಾರಿಸುತ್ತಿದ್ದ ಇಟಲಿಯ ಕಾರ್ಖಾನೆಯ ಯಂತ್ರಗಳನ್ನು 1972ರಲ್ಲಿ ಭಾರತ ಸರ್ಕಾರ ಕೊಂಡು ಲಖನೌಗೆ ತಂದಿತು. ವಿಜಯ್ ಸೂಪರ್ ಸ್ಕೂಟರ್ ತಯಾರಾದದ್ದು ಅಲ್ಲೇ.