32 ಜಿಬಿ ಅಂದ್ರೆ 16 ಜಿಬಿ: ಟ್ಯಾಬ್‌ನ ಜಾಗ ಎಲ್ಲಿ ಹೋಗುತ್ತೆ?

ಇಂಜಿನಿಯರಿಂಗ್ ಓದಿದವನು ಅನ್ನೋ ಹಮ್ಮಿನಲ್ಲಿ ನಾನೊಂದು ತಪ್ಪು ಮಾಡಿದ್ದೆ. 32 ಜಿಬಿಯ ಹಳೆಯ ವಿಂಡೋಸ್ ಟ್ಯಾಬ್‌ನಲ್ಲಿ ಜಾಗ ಸಾಲುತ್ತಿರಲಿಲ್ಲ. ಹುಡುಕಿದಾಗ ಸುಮಾರು 5 ಜಿಬಿಯ ಒಂದು ಪಾರ್ಟಿಷನ್ ಕಣ್ಣಿಗೆ ಬಿತ್ತು. 'ಇದ್ಯಾಕೆ ಬೇಕು' ಅಂತ ಅಳಿಸಿಬಿಟ್ಟೆ. ಕೆಲವು ತಿಂಗಳ ನಂತರ ಅಪ್‌ಡೇಟ್ ಒಂದು ಅರ್ಧಕ್ಕೆ ನಿಂತು, ಟ್ಯಾಬ್ ಆನ್ ಆಗಲೇ ಇಲ್ಲ. ರಿಪೇರಿ ಅಂಗಡಿಯವರು ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಕೊಟ್ಟರು. ವರದಿಯೊಂದಕ್ಕಾಗಿ ಮಾಡಿದ್ದ ಸಂದರ್ಶನಗಳ ಆಡಿಯೋ ಹೋಯ್ತು. ನಾನು ಅಳಿಸಿದ್ದು ರಿಕವರಿ ಪಾರ್ಟಿಷನ್.

ಲೆಕ್ಕ ಹೀಗಿದೆ

2012ರ ಅಕ್ಟೋಬರ್‌ನಲ್ಲಿ ಬಂದ ಮೈಕ್ರೋಸಾಫ್ಟ್‌ನ ಸರ್ಫೇಸ್ ಆರ್‌ಟಿ ಟ್ಯಾಬ್ ಒಳ್ಳೆಯ ಉದಾಹರಣೆ. ಡಬ್ಬಿಯ ಮೇಲೆ 32 ಜಿಬಿ. ಕಂಪನಿಯೇ ಕೊಟ್ಟ ಲೆಕ್ಕದ ಪ್ರಕಾರ ವಿಂಡೋಸ್ ತೋರಿಸುವುದು 29 ಜಿಬಿ. ಅದರಲ್ಲಿ ರಿಕವರಿಗೆ 5, ವಿಂಡೋಸ್, ಆಫೀಸ್ ಮತ್ತು ಆ್ಯಪ್‌ಗಳಿಗೆ 8. ಗ್ರಾಹಕರಿಗೆ ಉಳಿದದ್ದು 16.

ಮೊದಲ 3 ಜಿಬಿ ನಿಜವಾಗಿ ಮಾಯವಾಗಿಲ್ಲ, ಎಣಿಸುವ ರೀತಿ ಬೇರೆ ಅಷ್ಟೇ. ತಯಾರಕರಿಗೆ ಒಂದು ಜಿಬಿ ಅಂದ್ರೆ 100 ಕೋಟಿ ಬೈಟ್. ವಿಂಡೋಸ್‌ಗೆ ಸುಮಾರು 107 ಕೋಟಿ. ಉಳಿದ 13 ಜಿಬಿ ಮಾತ್ರ ನಿಜವಾಗಿಯೂ ಬಳಕೆಯಾಗಿದೆ. ಅದೇ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ವಕೀಲರೊಬ್ಬರು, ಜಾಹೀರಾತು ದಾರಿ ತಪ್ಪಿಸುತ್ತಿದೆ ಎಂದು ಕೋರ್ಟಿಗೆ ಹೋದರು.

ರಿಕವರಿ ಪಾರ್ಟಿಷನ್ ಅಂದ್ರೇನು?

ಒಂದೇ ಸ್ಟೋರೇಜ್ ಚಿಪ್ಪನ್ನು ಕೋಣೆಗಳಾಗಿ ಭಾಗ ಮಾಡಿದರೆ ಒಂದೊಂದೂ ಪಾರ್ಟಿಷನ್. ರಿಕವರಿ ಕೋಣೆಯಲ್ಲಿ ಇರುವುದು, ವಿಂಡೋಸ್ ಕೆಟ್ಟರೂ ತಾನೇ ಶುರುವಾಗಬಲ್ಲ ಒಂದು ಪುಟ್ಟ ವ್ಯವಸ್ಥೆ. ಆಗಿನ ಟ್ಯಾಬ್‌ಗಳಲ್ಲಿ ವಿಂಡೋಸ್‌ನ ಇಡೀ ಪ್ರತಿಯೂ ಅಲ್ಲೇ ಇರುತ್ತಿತ್ತು, ಅದಕ್ಕೇ ಅಷ್ಟು ಜಾಗ. ವಿಂಡೋಸ್ 10ರಿಂದ, ರೀಸೆಟ್ ಮಾಡಿದಾಗ ಈಗಾಗಲೇ ಇರುವ ಸಿಸ್ಟಂ ಫೈಲ್‌ಗಳನ್ನೇ ಬಳಸುವುದರಿಂದ ಈ ಕೋಣೆ ಸಾಮಾನ್ಯವಾಗಿ ಒಂದು ಜಿಬಿಗಿಂತ ಚಿಕ್ಕದು.

ತೀರಾ ಚಿಕ್ಕದಾದರೂ ಕಷ್ಟ. 2024ರ ಜನವರಿಯ ಒಂದು ಭದ್ರತಾ ಅಪ್‌ಡೇಟ್ ಅನೇಕರ ವಿಂಡೋಸ್ 10ರಲ್ಲಿ ಇನ್‌ಸ್ಟಾಲ್ ಆಗಲಿಲ್ಲ. ರಿಕವರಿ ಪಾರ್ಟಿಷನ್‌ನಲ್ಲಿ 250 ಎಂಬಿ ಖಾಲಿ ಬೇಕಿತ್ತು. ಕಮಾಂಡ್ ಟೈಪ್ ಮಾಡಿ ಅದನ್ನು ಹಿಗ್ಗಿಸುವ ಕೆಲಸ ಬಳಕೆದಾರರ ತಲೆಗೇ ಬಂತು.

ಆಂಡ್ರಾಯ್ಡ್ ಟ್ಯಾಬ್‌ನಲ್ಲೂ ಸಿಸ್ಟಂಗೆ ಬೇರೆ ಪಾರ್ಟಿಷನ್ ಇದೆ. ಫ್ಯಾಕ್ಟರಿ ರೀಸೆಟ್ ಅಳಿಸುವುದು ನಿಮ್ಮ ಫೋಟೋ, ಆ್ಯಪ್, ಫೈಲ್‌ಗಳನ್ನು. ಸಿಸ್ಟಂನ ಜಾಗ ನಿಮಗೆ ವಾಪಸ್ ಬರಲ್ಲ.

ಹಾಗಾದರೆ ಏನು ಮಾಡಬೇಕು?

ಜಾಗ ಬೇಕಿದ್ದರೆ ಮೊದಲು ಸೆಟ್ಟಿಂಗ್ಸ್‌ನ ಸ್ಟೋರೇಜ್‌ಗೆ ಹೋಗಿ ಟೆಂಪರರಿ ಫೈಲ್‌ಗಳನ್ನು ತೆಗೆಯಿರಿ. ಮೆಮೊರಿ ಕಾರ್ಡ್ ಹಾಕುವ ಅವಕಾಶವಿದ್ದರೆ ಫೋಟೋ, ವಿಡಿಯೋ ಅಲ್ಲಿಗೆ ಹೋಗಲಿ. ರಿಕವರಿ ಪಾರ್ಟಿಷನ್ ಅಳಿಸಲೇಬೇಕು ಅನ್ನಿಸಿದರೆ, 16 ಜಿಬಿಗೆ ಕಡಿಮೆಯಿಲ್ಲದ ಪೆನ್‌ಡ್ರೈವ್‌ನಲ್ಲಿ ರಿಕವರಿ ಡ್ರೈವ್ ಮಾಡಿಕೊಳ್ಳಿ, ಅದರಿಂದ ಟ್ಯಾಬ್ ಶುರುವಾಗುತ್ತದೆಯೇ ಎಂದು ಪರೀಕ್ಷಿಸಿ, ಆಮೇಲೆ ಕೈ ಹಾಕಿ. ನಿಮ್ಮ ಫೈಲ್‌ಗಳ ಬ್ಯಾಕಪ್ ಬೇರೆ ಇರಲಿ. ರಿಕವರಿ ಅಂದ್ರೆ ಬ್ಯಾಕಪ್ ಅಲ್ಲ.

ರಿಕವರಿಗೆ ಜಾಗ ಇಡುವುದರಲ್ಲಿ ನನಗೆ ತಕರಾರಿಲ್ಲ. ಅದರ ಬೆಲೆ ನನಗೆ ಗೊತ್ತು. ಆದರೆ ದುಡ್ಡು ಕೊಡುವ ಮುಂಚೆ ನಮಗೆ ಸಿಗುವ ಜಾಗ ಎಷ್ಟು ಅನ್ನೋದು ಗೊತ್ತಾಗಬೇಕು. 32ರ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ 16 ಅಂತ ಅಚ್ಚಾಗಿರಲಿ. ಅಲ್ಲಿಯವರೆಗೆ ಅಂಗಡಿಯಲ್ಲಿ ಡೆಮೊ ಟ್ಯಾಬ್‌ನ ಸ್ಟೋರೇಜ್ ಪುಟ ತೆರೆದು ನೋಡಿ. ಗ್ರಾಹಕರಾಗಿ ಅಷ್ಟು ಕೇಳೋದು ನಮ್ಮ ಹಕ್ಕು.