ಮೈದಾನದ ತಾರೆ, ಗೆರೆಯಾಚೆಯ ಗುರು

1966ರ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದಲ್ಲಿ ಒಂದೇ ಮನೆಯ ಇಬ್ಬರಿದ್ದರು. ತಮ್ಮ ಬಾಬಿ ಚಾರ್ಲ್ಟನ್ ಅದೇ ವರ್ಷ ಬ್ಯಾಲನ್ ಡಿ'ಓರ್ ಪಡೆದ ಮಹಾನ್ ಆಟಗಾರ. ಅಣ್ಣ ಜಾಕ್ ಉದ್ದ ಕಾಲಿನ, ಗಟ್ಟಿ ಮೈಯ ಡಿಫೆಂಡರ್. ಆಟದಲ್ಲಿ ತಮ್ಮನೇ ತನಗಿಂತ ಮೇಲು ಎಂದು ಸ್ವತಃ ಒಪ್ಪಿಕೊಂಡವರು. 1973ರಲ್ಲಿ ಇಬ್ಬರೂ ತಮ್ಮ ತಮ್ಮ ಕ್ಲಬ್‌ಗೆ ವಿದಾಯ ಹೇಳಿ ಮ್ಯಾನೇಜರ್ ಕುರ್ಚಿಯಲ್ಲಿ ಕುಳಿತರು. ಬಾಬಿ ಪ್ರೆಸ್ಟನ್ ನಾರ್ತ್ ಎಂಡ್‌ಗೆ ಹೋದರು, ಜಾಕ್ ಮಿಡಲ್ಸ್‌ಬ್ರೋಗೆ. ಎರಡೂ ಆಗ ಎರಡನೇ ಡಿವಿಜನ್‌ನ ತಂಡಗಳು. ಒಂದು ಸೀಸನ್ ಮುಗಿಯುವಷ್ಟರಲ್ಲಿ ಜಾಕ್ ಅವರ ತಂಡ ಅಗ್ರಸ್ಥಾನ ಪಡೆದು ಮೊದಲ ಡಿವಿಜನ್‌ಗೆ ಏರಿತ್ತು. ಬಾಬಿ ಅವರ ತಂಡ ಮೂರನೇ ಡಿವಿಜನ್‌ಗೆ ಜಾರಿತ್ತು.

ಈ ಅಂತರಕ್ಕೆ ಹಿನ್ನೆಲೆಯೊಂದಿದೆ. ಜಾಕ್ ಇನ್ನೂ ಆಡುತ್ತಿದ್ದಾಗಲೇ ಇಂಗ್ಲಿಷ್ ಫುಟ್‌ಬಾಲ್ ಸಂಸ್ಥೆಯ ಕೋಚಿಂಗ್ ಶಿಬಿರಗಳಿಗೆ ಹೋಗಿ ಕಲಿತವರು. ಮುಂದೆ 1986ರಿಂದ ಹತ್ತು ವರ್ಷ ಐರ್ಲೆಂಡ್ ತಂಡವನ್ನು ನಡೆಸಿ, ಆ ದೇಶ ಆಡಿದ ಮೊದಲ ವಿಶ್ವಕಪ್‌ನಲ್ಲೇ, 1990ರಲ್ಲಿ, ಕ್ವಾರ್ಟರ್‌ಫೈನಲ್‌ಗೆ ಕರೆದೊಯ್ದರು. ಬಾಬಿ ಪ್ರೆಸ್ಟನ್ ಬಿಟ್ಟ ಮೇಲೆ ಮ್ಯಾನೇಜರ್ ಆಗಿ ಹೆಸರು ಮಾಡಲಿಲ್ಲ.

ದೊಡ್ಡ ಆಟಗಾರ ದೊಡ್ಡ ಮ್ಯಾನೇಜರ್ ಆಗಬಲ್ಲನೇ ಎಂಬ ಪ್ರಶ್ನೆ ಪ್ರತಿ ಸೀಸನ್‌ನಲ್ಲೂ ಏಳುತ್ತದೆ. ಆಗಬಲ್ಲ ಎನ್ನುವವರ ಬಾಯಲ್ಲಿ ಕ್ರೈಫ್, ಜಿದಾನ್ ಹೆಸರು. ಆಗಲಾರ ಎನ್ನುವವರ ಬಾಯಲ್ಲಿ ಮರಡೋನಾ ಹೆಸರು. ಈ ಹುದ್ದೆ ನೂರು ವರ್ಷಗಳಲ್ಲಿ ಬೆಳೆದು ಬಂದ ದಾರಿಯನ್ನು ನೋಡಿದರೆ ಇನ್ನಷ್ಟು ಖಚಿತವಾದ ಉತ್ತರ ಸಿಗುತ್ತದೆ.

ಗುಮಾಸ್ತನಿಂದ ಗುರುವಿನವರೆಗೆ

ಆರಂಭದ ದಿನಗಳಲ್ಲಿ ಇಂಗ್ಲೆಂಡಿನ ಕ್ಲಬ್‌ಗಳಲ್ಲಿ ತಂಡ ಆರಿಸುತ್ತಿದ್ದವರು ನಿರ್ದೇಶಕರು. ಕಾರ್ಯದರ್ಶಿ ಪತ್ರ ವ್ಯವಹಾರ, ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ. ಆಟದ ತಂತ್ರ ಆಟಗಾರರಿಗೇ ಬಿಟ್ಟ ವಿಷಯ. ಇದನ್ನು ಬದಲಿಸಿದವರಲ್ಲಿ ಮುಖ್ಯರು ಹರ್ಬರ್ಟ್ ಚಾಪ್ಮನ್. 1925ರಲ್ಲಿ ಆಫ್‌ಸೈಡ್ ನಿಯಮ ಸಡಿಲಗೊಂಡು ಗೋಲುಗಳ ಸುರಿಮಳೆ ಶುರುವಾದಾಗ, ಆರ್ಸೆನಲ್‌ನಲ್ಲಿ ಅವರು ಸೆಂಟರ್ ಹಾಫ್ ಆಟಗಾರನನ್ನು ಹಿಂದಕ್ಕೆ ಸರಿಸಿ ಮೂರನೇ ಡಿಫೆಂಡರ್ ಮಾಡಿದರು. 'ಡಬ್ಲ್ಯು-ಎಂ' ಎಂದು ಪ್ರಸಿದ್ಧವಾದ ಆ ವ್ಯೂಹವನ್ನು ಮುಂದೆ ದೇಶದೇಶಗಳು ಅನುಸರಿಸಿದವು. ಹಡರ್ಸ್‌ಫೀಲ್ಡ್ ಮತ್ತು ಆರ್ಸೆನಲ್ ಎರಡಕ್ಕೂ ಲೀಗ್ ಪ್ರಶಸ್ತಿ ತಂದುಕೊಟ್ಟ ಚಾಪ್ಮನ್, ಆಟಗಾರರಾಗಿ ತೀರಾ ಸಾಧಾರಣ.

ರಾಷ್ಟ್ರೀಯ ತಂಡಕ್ಕೆ ಈ ಗಾಳಿ ತಾಗಲು ಇನ್ನೂ ತಡವಾಯಿತು. 1946ರಲ್ಲಿ ಇಂಗ್ಲೆಂಡಿನ ಮೊದಲ ಮ್ಯಾನೇಜರ್ ಆದ ವಾಲ್ಟರ್ ವಿಂಟರ್‌ಬಾಟಮ್ ಅವರಿಗೆ ತಂಡ ಆರಿಸುವ ಪೂರ್ಣ ಅಧಿಕಾರವೇ ಇರಲಿಲ್ಲ, ಆಯ್ಕೆ ಸಮಿತಿಯದೇ ಕೊನೆಯ ಮಾತು. 1953ರ ನವೆಂಬರ್ 25ರಂದು ವೆಂಬ್ಲಿಗೆ ಬಂದ ಹಂಗೆರಿ 6–3ರಿಂದ ಇಂಗ್ಲೆಂಡನ್ನು ಸೋಲಿಸಿತು. ಅಂದು ಇಂಗ್ಲೆಂಡಿನ ಮೂರನೇ ಗೋಲನ್ನು ಪೆನಾಲ್ಟಿಯಲ್ಲಿ ಹೊಡೆದವರು ಫುಲ್‌ಬ್ಯಾಕ್ ಆಲ್ಫ್ ರಾಮ್ಸೆ. ದೇಶದ ಪರ ಅದೇ ಅವರ ಕೊನೆಯ ಪಂದ್ಯ. ಮುಂದೆ ಇಪ್ಸ್‌ವಿಚ್ ಎಂಬ ಸಣ್ಣ ಊರಿನ ಕ್ಲಬ್ಬನ್ನು ಮೂರನೇ ಡಿವಿಜನ್‌ನಿಂದ ಎತ್ತಿ 1962ರಲ್ಲಿ ಲೀಗ್ ಚಾಂಪಿಯನ್ ಮಾಡಿದ ರಾಮ್ಸೆ, ತಂಡದ ಆಯ್ಕೆ ತನ್ನೊಬ್ಬನದೇ ಆಗಿರಬೇಕು ಎಂಬ ಷರತ್ತಿನ ಮೇಲೆ ಇಂಗ್ಲೆಂಡಿನ ಹೊಣೆ ಹೊತ್ತರು. 1966ರ ವಿಶ್ವಕಪ್ ಬಂದದ್ದು ಹಾಗೆ. ರಾಮ್ಸೆ ಒಳ್ಳೆಯ ಆಟಗಾರ, ಆದರೆ ಓಟದಲ್ಲಿ ನಿಧಾನ. ಆ ಕೊರತೆ ತುಂಬಲು ಮೈದಾನದಲ್ಲಿ ಸದಾ ಮುಂದಿನದನ್ನು ಊಹಿಸಿ ನಿಲ್ಲಬೇಕಾಗಿತ್ತು. ಮ್ಯಾನೇಜರ್‌ಗೆ ಬೇಕಾದದ್ದೂ ಅದೇ ಬುದ್ಧಿ.

ತಾರೆಗಳ ಪ್ರವೇಶ

ಆಟಗಾರನಾಗಿಯೂ ಮ್ಯಾನೇಜರ್ ಆಗಿಯೂ ವಿಶ್ವಕಪ್ ಗೆದ್ದವರು ಮೂವರೇ: ಬ್ರೆಜಿಲ್‌ನ ಮಾರಿಯೋ ಜಗಾಲೋ, ಜರ್ಮನಿಯ ಫ್ರಾಂಜ್ ಬೆಕೆನ್‌ಬಾವರ್, ಫ್ರಾನ್ಸ್‌ನ ದಿದಿಯೆ ದೆಶಾಂ. ಇವರಲ್ಲಿ ಅಪ್ಪಟ ತಾರೆ ಎನಿಸಿದವರು ಬೆಕೆನ್‌ಬಾವರ್ ಒಬ್ಬರೇ. 1958 ಮತ್ತು 1962ರಲ್ಲಿ ಗೆದ್ದ ತಂಡಗಳಲ್ಲಿ ಜಗಾಲೋ ಎಡಗಡೆಯ ವಿಂಗರ್. ಮುಂದೆ ಆಡುವಷ್ಟೇ ಹಿಂದಕ್ಕೆ ಓಡಿ ಬಂದು ತಂಡವನ್ನು ಕಾಯುತ್ತಿದ್ದವರು. 1970ರಲ್ಲಿ ಟೂರ್ನಿಗೆ ಕೆಲವೇ ತಿಂಗಳಿದ್ದಾಗ ಬ್ರೆಜಿಲ್ ತಂಡ ಅವರ ಕೈಗೆ ಬಂತು. ಪೆಲೆ, ಟೊಸ್ಟಾವೊ, ರಿವೆಲಿನೊ, ಗೆರ್ಸನ್‌ರಂಥ ಆಟಗಾರರನ್ನು ಒಟ್ಟಿಗೆ ಆಡಿಸಿ, ಯಾರೂ ಯಾರಿಗೂ ಅಡ್ಡಬಾರದಂತೆ ಜಾಗ ಹಂಚಿಕೊಟ್ಟದ್ದು ಅವರ ಸಾಧನೆ. 1998ರ ನಾಯಕ ದೆಶಾಂ ಕೂಡ ಮಿಡ್‌ಫೀಲ್ಡ್‌ನಲ್ಲಿ ಚೆಂಡು ಕಸಿದು ಜಿದಾನ್‌ರಂಥವರಿಗೆ ಒಪ್ಪಿಸುತ್ತಿದ್ದ ದುಡಿಮೆಗಾರ. 2018ರಲ್ಲಿ ಮ್ಯಾನೇಜರ್ ಆಗಿ ಅದೇ ಕಪ್ ಎತ್ತಿದರು.

ಬೆಕೆನ್‌ಬಾವರ್ ದಾರಿ ಬೇರೆ. 1984ರಲ್ಲಿ ಪಶ್ಚಿಮ ಜರ್ಮನಿ ತಂಡದ ಹೊಣೆ ಬಂದಾಗ ಅವರ ಬಳಿ ಕೋಚಿಂಗ್ ಪರವಾನಗಿಯೂ ಇರಲಿಲ್ಲ. ಅರ್ಹ ಸಹಾಯಕರನ್ನು ಜತೆಗಿಟ್ಟುಕೊಂಡು 1986ರಲ್ಲಿ ಫೈನಲ್ ತಲುಪಿ ಸೋತರು, 1990ರಲ್ಲಿ ಗೆದ್ದರು.

ಇವರೆಲ್ಲರಿಗಿಂತ ಆಳವಾದ ಗುರುತು ಬಿಟ್ಟವರು ಯೋಹಾನ್ ಕ್ರೈಫ್. ಮೂರು ಬ್ಯಾಲನ್ ಡಿ'ಓರ್ ಗೆದ್ದ ಈ ಡಚ್ ಆಟಗಾರ 1988ರಲ್ಲಿ ಬಾರ್ಸಿಲೋನಾ ಮ್ಯಾನೇಜರ್ ಆದರು. 1991ರಿಂದ 1994ರವರೆಗೆ ಸತತ ನಾಲ್ಕು ಲೀಗ್ ಪ್ರಶಸ್ತಿ, 1992ರಲ್ಲಿ ಆ ಕ್ಲಬ್‌ನ ಮೊದಲ ಯುರೋಪಿಯನ್ ಕಪ್. ಕಪ್‌ಗಳಿಗಿಂತಲೂ ಹೆಚ್ಚು ಕಾಲ ಉಳಿದದ್ದು ಅವರ ಪಾಠ. ಆಟಗಾರರು ವೃತ್ತವಾಗಿ ನಿಂತು, ನಡುವಿರುವವರ ಕಾಲಿಗೆ ಸಿಗದಂತೆ ಒಂದೇ ಸ್ಪರ್ಶದಲ್ಲಿ ಚೆಂಡು ದಾಟಿಸುವ 'ರೊಂಡೊ' ಅಭ್ಯಾಸವನ್ನು ಅವರು ದಿನದ ತಾಲೀಮಿನ ತಿರುಳಾಗಿಸಿದರು. ಜಾಗ ಎಲ್ಲಿದೆ, ಯಾವ ಕೋನದಲ್ಲಿ ನಿಂತರೆ ಚೆಂಡು ಸಿಗುತ್ತದೆ, ಕಳೆದುಕೊಂಡ ಚೆಂಡನ್ನು ತಕ್ಷಣ ಹೇಗೆ ಮರಳಿ ಪಡೆಯಬೇಕು ಎಂಬುದೆಲ್ಲ ಆ ಪುಟ್ಟ ವೃತ್ತದೊಳಗೇ ಕಲಿಯುವ ವಿದ್ಯೆ. ತನಗೆ ಸಹಜವಾಗಿ ಒಲಿದದ್ದನ್ನು ಬೇರೆಯವರೂ ಕಲಿಯಬಹುದಾದ ಪಾಠವಾಗಿ ಒಡೆದು ಕೊಟ್ಟದ್ದರಲ್ಲಿ ಕ್ರೈಫ್ ಅವರ ನಿಜವಾದ ದೊಡ್ಡತನವಿದೆ. ಹಾಗೆ ಕಲಿತವರಲ್ಲಿ ಒಬ್ಬ ಸಣಕಲು ಮೈಯ ಹುಡುಗ, ಪೆಪ್ ಗ್ವಾರ್ಡಿಯೋಲಾ.

ಆಡದವರ ಕ್ರಾಂತಿ

ಕ್ರೈಫ್ ಬಾರ್ಸಿಲೋನಾಕ್ಕೆ ಬಂದ ಕಾಲಕ್ಕೇ ಇಟಲಿಯಲ್ಲಿ ಉಲ್ಟಾ ಉದಾಹರಣೆಯೊಂದು ತಯಾರಾಗುತ್ತಿತ್ತು. ತಂದೆಯ ಶೂ ವ್ಯಾಪಾರದಲ್ಲಿ ದುಡಿದ, ವೃತ್ತಿಪರ ಫುಟ್‌ಬಾಲ್ ಆಡಿಯೇ ಇರದ ಅರಿಗೊ ಸಾಕಿ 1987ರಲ್ಲಿ ಎಸಿ ಮಿಲಾನ್ ಮ್ಯಾನೇಜರ್ ಆದರು. ಆಡದವನಿಗೆ ಏನು ಗೊತ್ತು ಎಂದು ಹಂಗಿಸಿದವರಿಗೆ, ಸವಾರನಾಗಲು ಮೊದಲು ಕುದುರೆಯಾಗಿರಬೇಕೆಂದು ತಿಳಿದಿರಲಿಲ್ಲ ಎಂದು ಉತ್ತರ ಕೊಟ್ಟರು. ಚೆಂಡೇ ಇಲ್ಲದೆ, ಚೆಂಡು ಇಂಥಲ್ಲಿದೆ ಎಂದು ಊಹಿಸಿಕೊಂಡು ಇಡೀ ತಂಡ ಒಟ್ಟಾಗಿ ಜರುಗುವ ಅಭ್ಯಾಸ ಮಾಡಿಸಿದರು. 1989 ಮತ್ತು 1990ರ ಯುರೋಪಿಯನ್ ಕಪ್ ಎರಡೂ ಮಿಲಾನ್ ಪಾಲಾದವು.

ಆಡದವರಿಗೆ ತೆರೆದ ಈ ಬಾಗಿಲು ಆ ಬಳಿಕ ಮುಚ್ಚಲಿಲ್ಲ. ಬಾಬಿ ರಾಬ್ಸನ್‌ಗೆ ದುಭಾಷಿಯಾಗಿ ಕೆಲಸ ಆರಂಭಿಸಿದ ಜೋಸೆ ಮೊರಿನ್ಯೋ 2004ರಲ್ಲಿ ಪೋರ್ಟೊ ತಂಡಕ್ಕೆ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟರು. ಆಟಗಾರರಾಗಿ ಹೆಸರು ಮಾಡದ ಆರ್ಸೆನ್ ವೆಂಗರ್ 2003–04ರಲ್ಲಿ ಆರ್ಸೆನಲ್ ತಂಡವನ್ನು ಇಡೀ ಪ್ರೀಮಿಯರ್ ಲೀಗ್‌ನಲ್ಲಿ ಸೋಲಿಲ್ಲದೆ ನಡೆಸಿದರು. ಗಾಯದಿಂದ ಆಟ ಬಿಟ್ಟ ಯೂಲಿಯನ್ ನಾಗೆಲ್ಸ್‌ಮನ್ 28ನೇ ವಯಸ್ಸಿಗೇ ಬುಂಡೆಸ್‌ಲೀಗಾ ತಂಡದ ಕೋಚ್ ಆದರು.

ಸಾಕಿ ತಂಡದಲ್ಲಿದ್ದ ಮಿಡ್‌ಫೀಲ್ಡರ್ ಕಾರ್ಲೊ ಆಂಚೆಲೊಟ್ಟಿ ಆಡುತ್ತಲೇ ಗುರುವಿನ ವಿದ್ಯೆ ಕಲಿತರು. 1994ರ ವಿಶ್ವಕಪ್‌ನಲ್ಲಿ ಇಟಲಿ ತಂಡದ ಕೋಚ್ ಆಗಿದ್ದ ಸಾಕಿ ಅವರಿಗೇ ಸಹಾಯಕರಾದರು. ಫ್ಲಾರೆನ್ಸ್‌ನ ಕೊವೆರ್ಚಾನೊ ಕೋಚಿಂಗ್ ಕೇಂದ್ರದಲ್ಲಿ ಪ್ರಬಂಧ ಬರೆದು ತೇರ್ಗಡೆಯಾದರು. ಆದರೂ ಪಾರ್ಮಾದಲ್ಲಿ ಎಡವಿದರು: ಸಾಕಿ ಕಲಿಸಿದ 4–4–2 ವ್ಯೂಹದಲ್ಲಿ ಜಾಗವಿಲ್ಲವೆಂದು 1997ರಲ್ಲಿ ರಾಬರ್ಟೊ ಬಾಜ್ಜೊ ಅವರನ್ನು ಬೇಡವೆಂದರು. ಬೊಲೋನ್ಯಾ ಸೇರಿದ ಬಾಜ್ಜೊ ಆ ಸೀಸನ್‌ನ ಲೀಗ್‌ನಲ್ಲಿ 22 ಗೋಲು ಹೊಡೆದರು. ಆ ಪಾಠ ಆಂಚೆಲೊಟ್ಟಿ ಮರೆಯಲಿಲ್ಲ. ಯುವೆಂಟಸ್‌ನಲ್ಲಿ ಜಿದಾನ್‌ಗಾಗಿ ವ್ಯೂಹವನ್ನೇ ಬದಲಿಸಿದರು, ಮಿಲಾನ್‌ನಲ್ಲಿ ಪಿರ್ಲೊ ಅವರನ್ನು ಹಿಂದಕ್ಕೆ ಕರೆದು ಅಲ್ಲಿಂದಲೇ ಆಟ ಕಟ್ಟಿಸಿದರು. ಇವತ್ತು ಅವರ ಖಾತೆಯಲ್ಲಿ ಮ್ಯಾನೇಜರ್ ಆಗಿ ಐದು ಚಾಂಪಿಯನ್ಸ್ ಲೀಗ್ ಪ್ರಶಸ್ತಿಗಳಿವೆ. ಯುರೋಪಿನ ಐದೂ ದೊಡ್ಡ ಲೀಗ್‌ಗಳನ್ನು ಗೆದ್ದ ಮೊದಲ ಮ್ಯಾನೇಜರ್ ಅವರೇ.

ಎಡವಿದವರು, ಏರಿದವರು

2008ರಲ್ಲಿ ಅರ್ಜೆಂಟೀನಾ ತನ್ನ ತಂಡವನ್ನು ಡಿಯಾಗೊ ಮರಡೋನಾ ಕೈಗಿಟ್ಟಿತು. ಅದಕ್ಕೂ ಮುಂಚಿನ ಅವರ ಕೋಚಿಂಗ್ ಅನುಭವವೆಂದರೆ 1990ರ ದಶಕದ ಮಧ್ಯದಲ್ಲಿ ಎರಡು ಕ್ಲಬ್‌ಗಳಲ್ಲಿ ಕಳೆದ ಅಲ್ಪಾವಧಿ ಮಾತ್ರ. 2009ರ ಏಪ್ರಿಲ್‌ನಲ್ಲಿ ಲಾ ಪಾಜ್‌ನ ಎತ್ತರದಲ್ಲಿ ಬೊಲಿವಿಯಾ 6–1ರಿಂದ ಸೋಲಿಸಿತು. 2010ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಜರ್ಮನಿ 4–0ರಿಂದ ಮನೆಗೆ ಕಳಿಸಿತು. ಮೆಸ್ಸಿ ಆ ಟೂರ್ನಿಯಲ್ಲಿ ಒಂದು ಗೋಲನ್ನೂ ಹೊಡೆಯಲಿಲ್ಲ.

ಆಂದ್ರೆಯಾ ಪಿರ್ಲೊ ಕತೆ ಇನ್ನೂ ಬೇಸರದ್ದು. 2020ರ ಜುಲೈ ಕೊನೆಗೆ ಯುವೆಂಟಸ್ ಅವರನ್ನು 23 ವರ್ಷದೊಳಗಿನವರ ತಂಡಕ್ಕೆ ಕೋಚ್ ಎಂದು ಘೋಷಿಸಿತು. ಹತ್ತು ದಿನ ಕಳೆಯುವ ಮೊದಲೇ ಮುಖ್ಯ ತಂಡವನ್ನೇ ಒಪ್ಪಿಸಿತು. ಸತತ ಒಂಬತ್ತು ವರ್ಷ ಲೀಗ್ ಗೆದ್ದಿದ್ದ ತಂಡ ನಾಲ್ಕನೇ ಸ್ಥಾನಕ್ಕೆ ಇಳಿಯಿತು. ಇಟಾಲಿಯನ್ ಕಪ್ ಗೆದ್ದರೂ ಒಂದೇ ಸೀಸನ್‌ಗೆ ಅವರ ಕೆಲಸ ಹೋಯಿತು. ತಿಯರಿ ಆನ್ರಿ ಮೊನಾಕೊದಲ್ಲಿ ನಿಂತದ್ದು 20 ಪಂದ್ಯ ಮಾತ್ರ. ಆದರೆ ಅದೇ ಆನ್ರಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್‌ನ ಹುಡುಗರಿಗೆ ಬೆಳ್ಳಿ ಪದಕ ಗೆಲ್ಲಿಸಿಕೊಟ್ಟರು. ಪಿರ್ಲೊ, ಆನ್ರಿ ಇಬ್ಬರಲ್ಲೂ ಕೊರತೆಯಾದದ್ದು ಆಟದ ಜ್ಞಾನವಲ್ಲ, ಮಾಗಲು ಬೇಕಾದ ಕಾಲ.

ಗ್ವಾರ್ಡಿಯೋಲಾ ಆ ಕಾಲವನ್ನು ತಾವೇ ಹುಡುಕಿಕೊಂಡರು. ಆಟದ ಕೊನೆಯ ದಿನಗಳಲ್ಲಿ ಹುವಾನ್ ಮಾನುವೆಲ್ ಲಿಲ್ಯೊ ಕೈಕೆಳಗೆ ಆಡಲೆಂದು ಮೆಕ್ಸಿಕೊಗೆ ಹೋದರು. ಅರ್ಜೆಂಟೀನಾಕ್ಕೆ ಹೋಗಿ ಮಾರ್ಸೆಲೊ ಬಿಯೆಲ್ಸಾ ಜತೆ ಗಂಟೆಗಟ್ಟಲೆ ಚರ್ಚಿಸಿದರು. 2007ರಲ್ಲಿ ಸ್ಪೇನ್‌ನ ನಾಲ್ಕನೇ ದರ್ಜೆಯಲ್ಲಿದ್ದ ಬಾರ್ಸಿಲೋನಾ 'ಬಿ' ತಂಡ ಹಿಡಿದು ಮೇಲ್ದರ್ಜೆಗೆ ಏರಿಸಿದರು. ಮುಖ್ಯ ತಂಡದ ಮೊದಲ ಸೀಸನ್‌ನಲ್ಲೇ ಲೀಗ್, ಕಪ್, ಚಾಂಪಿಯನ್ಸ್ ಲೀಗ್ ಮೂರೂ ಬಂದವು. 'ಬಿ' ತಂಡದಿಂದ ಕರೆತಂದ ಬುಸ್ಕೆಟ್ಸ್, ಪೆಡ್ರೊ ಆ ತಂಡದಲ್ಲಿದ್ದರು. ಶಾಬಿ ಅಲೊನ್ಸೊ ಕೂಡ ರಿಯಲ್ ಸೊಸಿಯಡಾಡ್ 'ಬಿ' ತಂಡದಲ್ಲಿ ಪಳಗಿ ಬಂದೇ 2023–24ರಲ್ಲಿ ಲೆವರ್‌ಕುಸೆನ್‌ಗೆ ಸೋಲಿಲ್ಲದ ಬುಂಡೆಸ್‌ಲೀಗಾ ಪ್ರಶಸ್ತಿ ತಂದುಕೊಟ್ಟರು.

ಹಾಗಾದರೆ ತಾರೆಯ ಹೆಸರಿಗೆ ಬೆಲೆಯೇ ಇಲ್ಲವೇ? ಇದೆ, ಜಿದಾನ್ ಅದಕ್ಕೆ ಸಾಕ್ಷಿ. ಲಿಮೋಜ್‌ನಲ್ಲಿ ಕ್ರೀಡಾ ನಿರ್ವಹಣೆ ಓದಿ, ಆಂಚೆಲೊಟ್ಟಿ ಅವರಿಗೆ ಸಹಾಯಕರಾಗಿ, ಎರಡನೇ ತಂಡ ಕ್ಯಾಸ್ಟಿಯಾ ನಡೆಸಿ 2016ರ ಜನವರಿಯಲ್ಲಿ ರಿಯಲ್ ಮ್ಯಾಡ್ರಿಡ್ ಮ್ಯಾನೇಜರ್ ಆದರು. ಮರುವರ್ಷ ಕ್ರಿಸ್ಟಿಯಾನೊ ರೊನಾಲ್ಡೊ ಅವರನ್ನು ಕೆಲವು ಲೀಗ್ ಪಂದ್ಯಗಳಿಂದ ಹೊರಗಿಟ್ಟು ವಿಶ್ರಾಂತಿ ಕೊಡಿಸಿದರು. ಪ್ರತಿ ಪಂದ್ಯವನ್ನೂ ಆಡಬಯಸುವ ಆಟಗಾರನಿಗೆ ಇದನ್ನು ಒಪ್ಪಿಸುವುದು ಸುಲಭವಲ್ಲ. ಹೇಳಿದವರು ಜಿದಾನ್ ಆದ್ದರಿಂದ ಆ ಮಾತಿಗೆ ತೂಕವಿತ್ತು. ದಣಿಯದ ಕಾಲುಗಳೊಂದಿಗೆ ವಸಂತಕ್ಕೆ ಬಂದ ರೊನಾಲ್ಡೊ ಚಾಂಪಿಯನ್ಸ್ ಲೀಗ್‌ನ ಕೊನೆಯ ಐದು ಪಂದ್ಯಗಳಲ್ಲಿ 10 ಗೋಲು ಹೊಡೆದರು. 2016, 2017, 2018ರ ಮೂರೂ ಪ್ರಶಸ್ತಿಗಳು ಜಿದಾನ್ ತಂಡಕ್ಕೇ ಸಂದವು. ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಬಗ್ಗೆ ಅಮಾಂಡಾ ಗುಡಾಲ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನವೂ ತಾರಾ ಆಟಗಾರರಾಗಿದ್ದ ಕೋಚ್‌ಗಳ ತಂಡಗಳು ಹೆಚ್ಚು ಗೆಲ್ಲುವುದನ್ನು ಗುರುತಿಸಿದೆ.

ನಮ್ಮ ನೆಲದಲ್ಲಿ

ಭಾರತದ ಅತ್ಯಂತ ಯಶಸ್ವಿ ಕೋಚ್ ಸೈಯದ್ ಅಬ್ದುಲ್ ರಹೀಂ ಹೈದರಾಬಾದಿನ ಶಾಲಾ ಮೇಷ್ಟ್ರು. 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನ ಅವರ ಕಾಲದ್ದು. ಜಕಾರ್ತಾದಲ್ಲಿ 1962ರ ಫೈನಲ್‌ಗೆ ತಲೆಗೆ ಪೆಟ್ಟಾಗಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ಮುಂದಕ್ಕೆ ಕಳಿಸಿ ಆಡಿಸಿದರು. ದಕ್ಷಿಣ ಕೊರಿಯಾ ವಿರುದ್ಧ 2–1ರ ಆ ಗೆಲುವಿನಲ್ಲಿ ಒಂದು ಗೋಲು ಜರ್ನೈಲ್ ಅವರದು, ಇನ್ನೊಂದು ಪಿ.ಕೆ. ಬ್ಯಾನರ್ಜಿ ಅವರದು. ಅದೇ ಪಿ.ಕೆ. 1969ರಲ್ಲಿ ಜಪಾನ್‌ನಲ್ಲಿ ನಡೆದ ಫಿಫಾ ಕೋಚಿಂಗ್ ಶಿಬಿರದಲ್ಲಿ ಕಲಿತು ಬಂದರು. ಕೋಲ್ಕತ್ತದ ಎರಡೂ ದೊಡ್ಡ ಕ್ಲಬ್‌ಗಳಿಗೆ ಪ್ರಶಸ್ತಿಗಳನ್ನು ತಂದುಕೊಟ್ಟರು. ತಾರೆಯೊಬ್ಬರು ಒಳ್ಳೆಯ ಕೋಚ್ ಆಗಬಹುದೆಂಬುದಕ್ಕೆ ನಮ್ಮಲ್ಲೇ ಸಿಗುವ ಉತ್ತಮ ಉದಾಹರಣೆ ಅವರು.

ಬೆಂಗಳೂರಿನ ಅನುಭವ ಬೇರೆ ಥರದ್ದು. ಬೆಂಗಳೂರು ಎಫ್‌ಸಿಗೆ 2013–14ರ ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದುಕೊಟ್ಟ ಆಶ್ಲಿ ವೆಸ್ಟ್‌ವುಡ್ ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಬೆಳೆದರೂ ಅದರ ಮುಖ್ಯ ತಂಡಕ್ಕೆ ಆಡಿದವರಲ್ಲ. 2018–19ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ರಶಸ್ತಿ ತಂದ ಕಾರ್ಲೆಸ್ ಕ್ವಾದ್ರಾಟ್ ಕೂಡ ಆಟಗಾರರಾಗಿ ಪ್ರಸಿದ್ಧರಲ್ಲ. ಇನ್ನೊಂದೆಡೆ, 2015ರ ಐಎಸ್‌ಎಲ್ ಫೈನಲ್‌ನಲ್ಲಿ ಎದುರಾದ ಇಬ್ಬರೂ ಕೋಚ್‌ಗಳು ಆಟಗಾರರಾಗಿ ವಿಶ್ವಖ್ಯಾತರು: ಮಾರ್ಕೊ ಮಾತೆರಾಜ್ಜಿ ಅವರ ಚೆನ್ನೈಯಿನ್ ತಂಡ ಜಿಕೊ ಅವರ ಗೋವಾವನ್ನು 3–2ರಿಂದ ಸೋಲಿಸಿತು.

ಇಷ್ಟೂ ಉದಾಹರಣೆಗಳನ್ನು ಒಟ್ಟಿಗಿಟ್ಟು ನೋಡಿದರೆ ತೀರ್ಪು ಸ್ಪಷ್ಟ. ತಾರೆಯೊಬ್ಬ ಶ್ರೇಷ್ಠ ಮ್ಯಾನೇಜರ್ ಆಗಬಲ್ಲ. ಅವನ ಹೆಸರು ಡ್ರೆಸಿಂಗ್ ರೂಮಿನಲ್ಲಿ ಕೆಲಸಕ್ಕೂ ಬರುತ್ತದೆ. ಆದರೆ ಅದೇ ಹೆಸರು ಅವನನ್ನು ಸಿದ್ಧವಾಗುವ ಮೊದಲೇ ದೊಡ್ಡ ಕುರ್ಚಿಗೆ ಕರೆದು ಕೂರಿಸುತ್ತದೆ, ಸೋಲು ಹೆಚ್ಚಾಗಿ ಅಲ್ಲಿಂದಲೇ ಶುರುವಾಗುತ್ತದೆ. ಬೆಕೆನ್‌ಬಾವರ್‌ರಂಥ ಅಪವಾದಗಳನ್ನು ಬಿಟ್ಟರೆ ಗೆದ್ದವರಲ್ಲಿ ಬಹುತೇಕರು ಸಣ್ಣ ತಂಡದಲ್ಲೋ, ಸಹಾಯಕರಾಗಿಯೋ ಮತ್ತೆ ವಿದ್ಯಾರ್ಥಿಗಳಾದವರು.

ಭಾರತದ ಕ್ಲಬ್‌ಗಳು ಇದನ್ನು ಗಂಭೀರವಾಗಿ ಪರಿಗಣಿಸಬೇಕು. ನಿವೃತ್ತರಾಗುವ ನಮ್ಮ ಅಂತರರಾಷ್ಟ್ರೀಯ ಆಟಗಾರರಿಗೆ ಸನ್ಮಾನ ಮಾಡಿ ಕಳಿಸುವ ಬದಲು ಕಿರಿಯರ ತಂಡಗಳನ್ನು ಒಪ್ಪಿಸಲಿ, ಪರವಾನಗಿ ಕೋರ್ಸ್‌ಗಳ ಖರ್ಚು ಭರಿಸಲಿ, ಐದಾರು ವರ್ಷ ಕಾಯುವ ತಾಳ್ಮೆ ತೋರಲಿ. ಭಾರತದ ಪರ ಆಡಿದ್ದ ಖಾಲಿದ್ ಜಮೀಲ್ ಮುಂಬೈ ಎಫ್‌ಸಿಯಲ್ಲಿ ವರ್ಷಗಟ್ಟಲೆ ದುಡಿದು, 2016–17ರಲ್ಲಿ ಪುಟ್ಟ ಐಜ್ವಾಲ್ ತಂಡಕ್ಕೆ ಐ-ಲೀಗ್ ಗೆದ್ದುಕೊಟ್ಟು, 2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ತಂಡದ ಕೋಚ್ ಆದರು. ಅದಕ್ಕೂ ಮುಂಚೆ ದಶಕಕ್ಕೂ ಹೆಚ್ಚು ಕಾಲ ಆ ಹುದ್ದೆಯಲ್ಲಿ ವಿದೇಶಿಯರೇ ಇದ್ದರು.