ಬಳ್ಳಾರಿಯ ಗಡಿ ಬದಲಿಸಿದ ಐರಿಷ್ ಕುಲೀನ

ಸಿರುಗುಪ್ಪದ ಬಳಿ ಹರಿಯುವ ತುಂಗಭದ್ರೆ ಸುಮಾರು ಒಂದೂವರೆ ಶತಮಾನ ಬರೀ ಹೊಳೆಯಾಗಿರಲಿಲ್ಲ. ಎರಡು ಆಳ್ವಿಕೆಗಳ ನಡುವಣ ಗಡಿಯಾಗಿತ್ತು. ಈಚೆ ದಡದ ಸಿರುಗುಪ್ಪ, ಕುರುಗೋಡು, ಬಳ್ಳಾರಿ ಮದರಾಸಿಗೆ ಸೇರಿದ್ದರೆ ಆಚೆ ದಡದ ಸಿಂಧನೂರು ನಿಜಾಮನದು. ಎರಡೂ ಕಡೆ ಕನ್ನಡವೇ, ಕಂದಾಯ ಮಾತ್ರ ಬೇರೆ ಬೇರೆ ದೊರೆಗೆ. ಈ ಗಡಿಗೆ ಕಾರಣನಾದವನು ರಿಚರ್ಡ್ ವೆಲ್ಲೆಸ್ಲಿ.

ಐರ್ಲೆಂಡಿನ ಮೀಥ್ ಪ್ರಾಂತ್ಯದ ಈತ ಹುಟ್ಟಿದ್ದು 1760ರಲ್ಲಿ. ವಂಶದ ಮೂಲ ಇಂಗ್ಲೆಂಡು. ಪೂರ್ವಜರು ಶತಮಾನಗಳ ಹಿಂದೆ ಐರ್ಲೆಂಡಿಗೆ ಬಂದು ನೆಲೆಸಿದ್ದರು. ಅಜ್ಜನ ಮನೆತನದ ಹೆಸರು ಕಾಲಿ. ಮಕ್ಕಳಿಲ್ಲದ ಬಂಧುವೊಬ್ಬರ ಆಸ್ತಿ 1728ರಲ್ಲಿ ಕೈಸೇರಿದಾಗ ಅಜ್ಜ ಅವರ ವೆಸ್ಲಿ ಎಂಬ ಹೆಸರನ್ನೂ ಇಟ್ಟುಕೊಂಡ. ಮುಂದೆ ಅದೇ ವೆಲ್ಲೆಸ್ಲಿ ಆಯಿತು. ತಂದೆ ಮಾರ್ನಿಂಗ್ಟನ್‌ನ ಅರ್ಲ್. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಸಂಗೀತ ಪ್ರಾಧ್ಯಾಪಕನೂ ಆಗಿದ್ದ.

1798ರಲ್ಲಿ ಗವರ್ನರ್ ಜನರಲ್ ಆಗಿ ಬಂದ ರಿಚರ್ಡ್, ಮರುವರ್ಷವೇ ಟಿಪ್ಪುವಿನ ಪತನ ಕಂಡ. ಮಾರ್ಕ್ವಿಸ್ ಪದವಿಯೂ ದೊರೆಯಿತು. ಆದರೆ ಅದು ಇಂಗ್ಲೆಂಡಿನದಲ್ಲ, ಐರ್ಲೆಂಡಿನದು ಎಂದು ಆತ ಕೊರಗಿದ.

1800ರ ಸೆಪ್ಟೆಂಬರಿನಲ್ಲಿ ತಮ್ಮ ಆರ್ಥರ್ ವೆಲ್ಲೆಸ್ಲಿ ಬೆನ್ನಟ್ಟಿ ಹೋದ ಧೋಂಡಿಯ ವಾಘ್ ಯುದ್ಧದಲ್ಲಿ ಸತ್ತ. ಅನಾಥನಾದ ಧೋಂಡಿಯನ ಎಳೆಯ ಮಗ ಸಲಾಬತ್ ಖಾನನನ್ನು ಆರ್ಥರನೇ ಸಾಕಿಸಿದ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೂ ಇದೇ ಆರ್ಥರ್.

ಮರುತಿಂಗಳು, ಅಕ್ಟೋಬರಿನಲ್ಲಿ, ನಿಜಾಮನೊಡನೆ ಒಪ್ಪಂದವಾಯಿತು. ಹೈದರಾಬಾದಿನಲ್ಲಿ ಇರಿಸುವ ಕಂಪನಿ ಸೈನ್ಯದ ಖರ್ಚಿಗಾಗಿ, ಮೈಸೂರು ಯುದ್ಧಗಳಲ್ಲಿ ತನಗೆ ಪಾಲು ಬಂದಿದ್ದ ಸೀಮೆಯನ್ನು ನಿಜಾಮ ಕಂಪನಿಗೆ ಬಿಟ್ಟುಕೊಟ್ಟ. ಬಳ್ಳಾರಿ, ಅನಂತಪುರ, ಕಡಪ ಹೀಗೆ ಕೈ ಬದಲಾದವು. ಥಾಮಸ್ ಮನ್ರೊ ಇವುಗಳ ಪ್ರಧಾನ ಕಲೆಕ್ಟರನಾಗಿ ಬಂದ. ಊರಿನ ರೈತರನ್ನು ಮಾತ್ರ ಯಾರೂ ಕೇಳಲಿಲ್ಲ.

ಇಷ್ಟು ನೆಲ ಗಳಿಸಿದವನಿಗೆ ಪದವಿಗೆ ಹಕ್ಕುದಾರ ಮಗನಿರಲಿಲ್ಲ. ಫ್ರೆಂಚ್ ನಟಿ ಹಯಸಿಂತ್ ರೋಲಾಂಳಿಂದ ಐವರು ಮಕ್ಕಳಿದ್ದರೂ, ಅವರೆಲ್ಲ 1794ರ ಮದುವೆಗೆ ಮುಂಚೆ ಹುಟ್ಟಿದವರು. ಕಾನೂನು ಅವರನ್ನು ವಾರಸುದಾರರೆಂದು ಒಪ್ಪಲಿಲ್ಲ. 1842ರಲ್ಲಿ ರಿಚರ್ಡ್ ತೀರಿಕೊಂಡಾಗ ಮಾರ್ಕ್ವಿಸ್ ಪದವಿ ಅಲ್ಲಿಗೇ ನಿಂತಿತು. ಅರ್ಲ್ ಪದವಿ ತಮ್ಮ ವಿಲಿಯಮ್‌ಗೆ ಹೋಯಿತು.

ಆತನ ಒಪ್ಪಂದದ ಗಡಿ ಮಾತ್ರ ಇನ್ನೂ ನೂರು ವರ್ಷ ಮೀರಿ ಬದುಕಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ ಸೇರಿ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. 1956ರ ನವೆಂಬರಿನಲ್ಲಿ ರಾಯಚೂರೂ ಕೂಡಿಕೊಂಡ ಮೇಲೆಯೇ ಸಿರುಗುಪ್ಪದ ಎರಡು ದಡಗಳು ಒಂದೇ ರಾಜ್ಯದವಾದದ್ದು.